ಮೂರು ರೇಸು, ಒಂದು ಟ್ರ್ಯಾಕು: ಬುದ್ಧ ಸರ್ಕ್ಯೂಟ್‌ನ ಲೆಕ್ಕಪತ್ರ

2011ರಿಂದ 2013ರವರೆಗೆ ದೆಹಲಿ ಬಳಿಯ ಬುದ್ಧ ಸರ್ಕ್ಯೂಟಿನಲ್ಲಿ ಮೂರು ಸಲ ನಡೆದ ಫಾರ್ಮುಲಾ ಒನ್ ಕಾರು ರೇಸು ಆಮೇಲೆ ಯಾಕೆ ನಿಂತುಹೋಯಿತು ಎಂದು ಕೇಳಿದರೆ ಹೆಚ್ಚಿನವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: ತೆರಿಗೆ. ಮನರಂಜನಾ ತೆರಿಗೆಯ ತಕರಾರು ಕೋರ್ಟಿಗೆ ಹೋಯಿತು, ಕೇಂದ್ರ ಸುಂಕ ಕೇಳಿತು, ಆಗ ಫಾರ್ಮುಲಾ ಒನ್‌ನ ಯಜಮಾನನಾಗಿದ್ದ ಬರ್ನಿ ಎಕ್ಲೆಸ್ಟೋನ್‌ಗೆ ರೇಗಿತು, ಗಂಟುಮೂಟೆ ಕಟ್ಟಿದರು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕಾಗದಪತ್ರ ಬಿಡಿಸಿ ನೋಡಿದರೆ ತೆರಿಗೆ ಬಂದದ್ದು ಆಮೇಲೆ, ಕಾಯಿಲೆ ಶುರುವಾದದ್ದು ಒಪ್ಪಂದಕ್ಕೆ ಸಹಿ ಬಿದ್ದಾಗಲೇ ಅನ್ನಿಸುತ್ತದೆ. ಆ ಕಾಗದಪತ್ರಗಳಲ್ಲಿ ನಾನು ಮೊದಲು ತೋರಿಸುವುದು 2017ರ ಏಪ್ರಿಲ್ 24ರ ಸುಪ್ರೀಂ ಕೋರ್ಟ್ ತೀರ್ಪನ್ನು. ಅದು ಆದಾಯ ತೆರಿಗೆಯ ತೀರ್ಪು, ರೇಸಿನ ಅಭಿಮಾನಿಗಳು ಕಣ್ಣೆತ್ತಿ ನೋಡುವಂಥದ್ದಲ್ಲ. ಆದರೂ ಆ ಟ್ರ್ಯಾಕಿನ ಮೇಲೆ ಯಾರು ಯಜಮಾನ, ಯಾರು ಕೂಲಿ ಎಂಬುದು ಅಲ್ಲಿರುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಜಮೀನು ಮೊದಲು, ರೇಸು ಆಮೇಲೆ

ಭಾರತದಲ್ಲಿ ರೇಸು ನಡೆಸುವ ಮಾತುಕತೆ 2007ರಲ್ಲಿ ಒಂದು ರೂಪಕ್ಕೆ ಬಂತು. ಮುಂದೆ ನಿಂತು ಘೋಷಿಸಿದವರು ಆಗ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಸುರೇಶ್ ಕಲ್ಮಾಡಿ. ದುಡ್ಡು ಹಾಕಲು ಒಪ್ಪಿದ್ದು ಜೇಪೀ ಸಮೂಹ. ಅದು ಸಿಮೆಂಟು, ಅಣೆಕಟ್ಟು, ಹೆದ್ದಾರಿಯ ಕಂಪನಿ. ದೆಹಲಿ ಬದಿಯಿಂದ ಆಗ್ರಾಕ್ಕೆ ಹೋಗುವ 165 ಕಿ.ಮೀ. ಯಮುನಾ ಎಕ್ಸ್‌ಪ್ರೆಸ್‌ವೇ ಕಟ್ಟುವ ಕೆಲಸ ಅದೇ ಸಮೂಹದ ಕೈಯಲ್ಲಿತ್ತು. ರಸ್ತೆ ಕಟ್ಟಿದ್ದಕ್ಕೆ ಪ್ರತಿಯಾಗಿ ರಸ್ತೆಯ ಅಕ್ಕಪಕ್ಕದ ಜಮೀನನ್ನು ಅಭಿವೃದ್ಧಿಪಡಿಸಿ ಮಾರುವ ಹಕ್ಕು ಸಿಗುತ್ತದೆ, ಅದೇ ಆ ವ್ಯವಹಾರದ ಜೀವಾಳ.

ರೇಸ್ ಟ್ರ್ಯಾಕ್ ಎದ್ದದ್ದು ಈ ಬಯಲಲ್ಲೇ, ಗೌತಮ ಬುದ್ಧ ನಗರ ಜಿಲ್ಲೆಯಲ್ಲಿ. ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರ ಜೇಪೀಗೆ ಕೊಟ್ಟ 1000 ಹೆಕ್ಟೇರಿನಲ್ಲಿ ಟ್ರ್ಯಾಕಿಗೆ ಹೋದದ್ದು ಸುಮಾರು 875 ಎಕರೆ, ಅಂದರೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಮಿಕ್ಕಿದ್ದರಲ್ಲಿ ಕ್ರಿಕೆಟ್ ಮೈದಾನ, ಹಾಕಿ ಮೈದಾನ, ಮತ್ತು ಮುಖ್ಯವಾಗಿ ಮನೆಗಳು. ಸ್ಪೋರ್ಟ್ಸ್ ಸಿಟಿ ಎಂದು ಹೆಸರು. ಟಿ.ವಿ.ಯಲ್ಲಿ ಜಗತ್ತೆಲ್ಲ ನೋಡುವ ಟ್ರ್ಯಾಕಿನ ಪಕ್ಕದ ಫ್ಲ್ಯಾಟು ಎಂದರೆ ಚದರಡಿಗೆ ಎಷ್ಟು ಹೆಚ್ಚು ಕೇಳಬಹುದು ಎಂಬ ಲೆಕ್ಕಾಚಾರ ಯಾರಿಗಾದರೂ ಅರ್ಥವಾಗುತ್ತದೆ. ಟ್ರ್ಯಾಕಿಗೆ ಸುಮಾರು 2,000 ಕೋಟಿ ರೂಪಾಯಿ ಖರ್ಚಾಯಿತೆಂದು ಆಗ ಪತ್ರಿಕೆಗಳು ಬರೆದವು. ಟಿಕೆಟ್ ಮಾರಿ 2,000 ಕೋಟಿ ವಾಪಸ್ ಬರುತ್ತದೆಂದು ಸಿಮೆಂಟಿನ ಲೆಕ್ಕ ಗೊತ್ತಿದ್ದವರು ನಂಬಿರಲಾರರು. ಅವರ ಕಣ್ಣಿದ್ದದ್ದು ಉಳಿದ ಎಕರೆಗಳ ಮೇಲೆ ಎಂದೇ ನನ್ನ ಅಂದಾಜು.

ಆ ಎಕರೆಗಳಿಗೂ ಹಿಂದೊಂದು ಕತೆಯಿದೆ. ಎಕ್ಸ್‌ಪ್ರೆಸ್‌ವೇ ಹಾದಿಯುದ್ದಕ್ಕೂ ಭೂಸ್ವಾಧೀನದ ಪರಿಹಾರಕ್ಕಾಗಿ ರೈತರು ಹೋರಾಡುತ್ತಿದ್ದರು. 2011ರ ಮೇ ತಿಂಗಳಲ್ಲಿ ಭಟ್ಟಾ ಪರಸೌಲ್‌ನಲ್ಲಿ ಆ ಹೋರಾಟ ಹಿಂಸೆಗೆ ತಿರುಗಿ ರೈತರೂ ಪೊಲೀಸರೂ ಸತ್ತರು. ಅದಾಗಿ ಆರು ತಿಂಗಳೊಳಗೆ ಅದೇ ಜಿಲ್ಲೆಯಲ್ಲಿ ಮೊದಲ ರೇಸು. ಪರಿಹಾರ ಕೊಡದಿದ್ದರೆ ರೇಸು ತಡೆಯುತ್ತೇವೆಂದು ಸುತ್ತಲಿನ ಹಳ್ಳಿಯವರು ಎಚ್ಚರಿಸಿದ್ದರು.

ಟ್ರ್ಯಾಕು

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಒಪ್ಪಲೇಬೇಕು. ಟ್ರ್ಯಾಕು ಚೆನ್ನಾಗಿತ್ತು. ವಿನ್ಯಾಸ ಜರ್ಮನಿಯ ಹರ್ಮನ್ ಟಿಲ್ಕೆ ಅವರದು. ಏಷ್ಯಾದಲ್ಲಿ ಆ ಕಾಲಕ್ಕೆ ಎದ್ದ ಟ್ರ್ಯಾಕುಗಳಲ್ಲಿ ಬಹುಪಾಲು ಅವರದೇ, ಎಲ್ಲ ಒಂದೇ ಅಚ್ಚು ಎಂದು ಅವರನ್ನು ಬೈಯುವವರೂ ಕಡಿಮೆಯಿರಲಿಲ್ಲ. ಬುದ್ಧ ಸರ್ಕ್ಯೂಟಿನಲ್ಲಿ ಆ ಬೈಗುಳ ಅಷ್ಟಾಗಿ ಅಂಟಲಿಲ್ಲ. ಉದ್ದ 5.125 ಕಿ.ಮೀ., ತಿರುವು 16. ಬಯಲುಸೀಮೆಯ ಸಪಾಟು ನೆಲಕ್ಕೆ ಮಣ್ಣು ತಂದು ಸುರಿದು ಏರುತಗ್ಗು ಮಾಡಿದ್ದರು. ಮೂರನೇ ತಿರುವಿಗೆ ಏರು. ಅಲ್ಲಿಂದ ಒಂದು ಕಿ.ಮೀ.ಗೂ ಮಿಕ್ಕಿದ ನೇರ ದಾರಿ. ಗಂಟೆಗೆ 300 ಕಿ.ಮೀ. ದಾಟಿದ ಕಾರು ನಾಲ್ಕನೇ ತಿರುವಿಗೆ ಬರುವಷ್ಟರಲ್ಲಿ ಬ್ರೇಕ್ ಒತ್ತಬೇಕು, ಒತ್ತುವ ಜಾಗದಲ್ಲಿ ಟ್ರ್ಯಾಕು ಬೇಕೆಂದೇ ಅಗಲ. ಒಳಗಿನಿಂದಲೋ ಹೊರಗಿನಿಂದಲೋ ನುಗ್ಗಲಿ, ಹಿಂದಿನವನಿಗೆ ಆಯ್ಕೆ ಇರಲಿ ಎಂದು.

ಚಾಲಕರು ಮೆಚ್ಚಿಕೊಂಡದ್ದು 10, 11, 12ನೇ ತಿರುವುಗಳನ್ನು. ನಕ್ಷೆಯಲ್ಲಿ ಮೂರು ಸಂಖ್ಯೆ, ಸ್ಟೀರಿಂಗ್ ಹಿಡಿದವನಿಗೆ ಒಂದೇ ದೀರ್ಘ ಬಲತಿರುವು. ಬೋಗುಣಿಯ ಅಂಚಿನಲ್ಲಿ ಸುತ್ತಿದಂತೆ ಕಾರು ಎಡಗಡೆಯ ಟೈರುಗಳ ಮೇಲೆ ಭಾರ ಬಿಟ್ಟುಕೊಂಡು ಸಾಗುತ್ತದೆ. ಮುಂದಿನ ಎಡ ಟೈರು ಉಳಿಸಿಕೊಂಡವನು ರೇಸಿನ ಕೊನೆಗೆ ಮೇಲುಗೈ. ಅಂಥ ತಿರುವು ಮೊದಲೇ ಇಸ್ತಾಂಬುಲ್‌ನ ಎಂಟನೇ ತಿರುವಿನಲ್ಲಿತ್ತು, ಅದೂ ಟಿಲ್ಕೆಯದೇ.

2011ರ ಅಕ್ಟೋಬರ್ 18ರಂದು ಉದ್ಘಾಟನೆ. ಅಕ್ಟೋಬರ್ 28ರ ಶುಕ್ರವಾರ ಮೊದಲ ಅಭ್ಯಾಸ ಶುರುವಾಗುತ್ತಲೇ ಟ್ರ್ಯಾಕಿಗೆ ಬೀದಿನಾಯಿ ನುಗ್ಗಿ ಕೆಂಪು ಬಾವುಟ ತೋರಿಸಬೇಕಾಯಿತು. ವಿದೇಶಿ ಪತ್ರಿಕೆಗಳಿಗೆ ಅದೊಂದೇ ಸಾಕಾಯಿತು, ನಮ್ಮವರು ಸಿಟ್ಟಾದರು. ನಿಜ ಹೇಳಬೇಕೆಂದರೆ ಹತ್ತು ದಿನದ ಹಿಂದೆ ಉದ್ಘಾಟನೆಯಾದ ಜಾಗಕ್ಕೆ ನಾಯಿಯೊಂದು ಬಂದದ್ದು ದೊಡ್ಡ ಅಪರಾಧವಲ್ಲ. ಅಕ್ಟೋಬರ್ 30ರ ಭಾನುವಾರ ಸುಮಾರು 95,000 ಜನ ಸೇರಿದರು. ಆ ತಿಂಗಳು ರೇಸಿನಲ್ಲಿ ಮಡಿದ ಡ್ಯಾನ್ ವೆಲ್ಡನ್ ಮತ್ತು ಮಾರ್ಕೊ ಸಿಮೊನ್ಚೆಲ್ಲಿ ಅವರಿಗಾಗಿ ಒಂದು ನಿಮಿಷ ಮೌನ. ಆಮೇಲೆ 60 ಲ್ಯಾಪು, ಅಂದರೆ 60 ಸುತ್ತು. ರೆಡ್ ಬುಲ್‌ನ ಸೆಬಾಸ್ಟಿಯನ್ ವೆಟೆಲ್ ಪೋಲ್‌ನಿಂದ, ಅಂದರೆ ಸಾಲಿನ ಮೊದಲ ಜಾಗದಿಂದ ಹೊರಟು, ಎಲ್ಲ ಲ್ಯಾಪಿನಲ್ಲೂ ಮುಂದಿದ್ದು, ಅತಿವೇಗದ ಲ್ಯಾಪನ್ನೂ (1 ನಿಮಿಷ 27.249 ಸೆಕೆಂಡು) ತನ್ನದಾಗಿಸಿಕೊಂಡು ಗೆದ್ದ. ಜೆನ್ಸನ್ ಬಟನ್ ಎರಡನೆಯವ, ಫರ್ನಾಂಡೊ ಅಲೊನ್ಸೊ ಮೂರನೆಯವ. ಚೌಕುಳಿ ಬಾವುಟ ಬೀಸಿದ್ದು ಸಚಿನ್ ತೆಂಡೂಲ್ಕರ್, ಟ್ರೋಫಿ ಕೊಟ್ಟದ್ದು ಮುಖ್ಯಮಂತ್ರಿ ಮಾಯಾವತಿ. ನರೇನ್ ಕಾರ್ತಿಕೇಯನ್ ಕೊನೆಯ ಸಾಲಿನ ಎಚ್‌ಆರ್‌ಟಿ ತಂಡದ ಕಾರಿನಲ್ಲಿ 17ನೆಯವರಾದರು. ಕರುಣ್ ಚಂದೋಕ್‌ಗೆ ಸಿಕ್ಕಿದ್ದು ಶುಕ್ರವಾರದ ಅಭ್ಯಾಸ ಮಾತ್ರ, ರೇಸಿನ ಸೀಟು ಸಿಗಲಿಲ್ಲ.

ಗಲ್ಲಾಪೆಟ್ಟಿಗೆ ಯಾರದು?

ಈಗ ತೀರ್ಪಿಗೆ ಬರೋಣ. ಲಂಡನ್ನಿನ ಫಾರ್ಮುಲಾ ಒನ್ ವರ್ಲ್ಡ್ ಚಾಂಪಿಯನ್‌ಷಿಪ್ ಕಂಪನಿಗೂ ಜೇಪೀಗೂ ರೇಸು ನಡೆಸುವ ಒಪ್ಪಂದ ಆದದ್ದು 2011ರ ಸೆಪ್ಟೆಂಬರ್ 13ರಂದು, ರೇಸಿಗೆ ಏಳು ವಾರ ಇರುವಾಗ. ಆತಿಥ್ಯದ ಹಕ್ಕಿಗೆ ಜೇಪೀ ಕೊಡಬೇಕಾದದ್ದು 4 ಕೋಟಿ ಡಾಲರ್. ಇದು ರೇಸು ನಡೆಸುವ ಖರ್ಚಲ್ಲ, ನಡೆಸಲು ಅನುಮತಿಯ ಖರ್ಚು.

ಸರಿ, ಕೊಟ್ಟ ಮೇಲೆ ಬಂದದ್ದೇನು? ಟಿ.ವಿ. ಪ್ರಸಾರದ ಹಕ್ಕು ಲಂಡನ್ನಿನದು. ಟ್ರ್ಯಾಕಿನ ಸುತ್ತಲಿನ ಜಾಹೀರಾತು ಮತ್ತು ರೇಸಿನ ಹೆಸರಿನ ಪ್ರಾಯೋಜಕತ್ವದ ಹಕ್ಕನ್ನು ಜೇಪೀಯಿಂದ ಬರೆಸಿಕೊಂಡದ್ದು ಅದೇ ಗುಂಪಿನ ಇನ್ನೊಂದು ಕಂಪನಿ. ಅತಿಗಣ್ಯರು ಕೂರುವ ಪ್ಯಾಡಕ್‌ನ ಹಕ್ಕು ಮತ್ತೊಂದಕ್ಕೆ. ಏರ್‌ಟೆಲ್ ಗ್ರ್ಯಾಂಡ್ ಪ್ರಿ ಎಂದು ಹೆಸರಿಡಲು ಭಾರ್ತಿ ಏರ್‌ಟೆಲ್ ಕೊಟ್ಟ ದುಡ್ಡು ಹೋದದ್ದೂ ಆ ಕಡೆಗೇ. ಛತ್ರ ಕಟ್ಟಿದವನು ಮದುವೆಯವರಿಗೇ ಬಾಡಿಗೆ ಕೊಟ್ಟು, ತನಗೆಂದು ಊಟದ ಚೀಟಿ ಮಾರುವ ಹಕ್ಕು ಮಾತ್ರ ಇಟ್ಟುಕೊಂಡಂತೆ. ಜೇಪೀ ಪಾಲಿಗೆ ಲೆಕ್ಕಕ್ಕೆ ಬರುವಂಥದ್ದು ಅಂತ ಉಳಿದದ್ದು ಟಿಕೆಟ್ಟಿನ ಹಣ.

ಇದನ್ನೆಲ್ಲ ಜಾಲಾಡಿದ ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: ರೇಸಿನ ಅವಧಿಯಲ್ಲಿ ಆ ಸರ್ಕ್ಯೂಟು ನಿಜವಾಗಿ ಲಂಡನ್ ಕಂಪನಿಯ ಹಿಡಿತದಲ್ಲಿತ್ತು, ಒಳಗೆ ಯಾರು ಬರಬೇಕು ಬಿಡಬೇಕು ಎಂಬುದು ಅವರ ಕೈಯಲ್ಲಿತ್ತು, ವ್ಯಾಪಾರ ನಡೆದದ್ದು ಅಲ್ಲಿಯೇ, ಆದ್ದರಿಂದ ವರ್ಷಕ್ಕೆ ಮೂರು ದಿನ ರೇಸು ನಡೆದರೂ ಅದು ಅವರ ಕಾಯಂ ವ್ಯವಹಾರಸ್ಥಳ, ಅಲ್ಲಿ ಹುಟ್ಟಿದ ಲಾಭಕ್ಕೆ ಭಾರತದಲ್ಲಿ ತೆರಿಗೆ ಕಟ್ಟಬೇಕು. ಅಂತರರಾಷ್ಟ್ರೀಯ ತೆರಿಗೆ ಓದುವವರು ಈ ತೀರ್ಪನ್ನು ಮತ್ತೆ ಮತ್ತೆ ಎತ್ತಿಕೊಳ್ಳುವುದು ಇದಕ್ಕೇ. ಅದಕ್ಕೂ ಮುಂಚೆ, ತೆರಿಗೆ ಬೀಳುತ್ತದೋ ಇಲ್ಲವೋ ಎಂದು ಮೊದಲೇ ಹೇಳುವ ಮುಂಗಡ ತೀರ್ಪಿನ ಪ್ರಾಧಿಕಾರ ಜೇಪೀ ಕೊಡುವ ಈ ಹಣವನ್ನು ರಾಯಲ್ಟಿ, ಅಂದರೆ ಹಕ್ಕು ಬಳಸಿದ್ದಕ್ಕೆ ಕೊಡುವ ಹಣ ಎಂದಿತ್ತು. ದೆಹಲಿ ಹೈಕೋರ್ಟ್ 2016ರಲ್ಲಿ ಅದನ್ನು ತಿರುಗಿಸಿತು. ಸುಪ್ರೀಂ ಕೋರ್ಟ್ ಹೈಕೋರ್ಟಿನ ಪರ ನಿಂತಿತು.

ಈಗ ಟಿಕೆಟ್ಟಿನ ಲೆಕ್ಕ. 2011ರ ಅಕ್ಟೋಬರಿನಲ್ಲಿ ಡಾಲರಿಗೆ ಸುಮಾರು 49 ರೂಪಾಯಿ. 4 ಕೋಟಿ ಡಾಲರ್ ಎಂದರೆ ಸುಮಾರು 196 ಕೋಟಿ ರೂಪಾಯಿ. 95,000 ಜನರ ಮೇಲೆ ಹಂಚಿದರೆ ತಲೆಗೆ 20,600 ರೂಪಾಯಿ ಚಿಲ್ಲರೆ. ಆ ವರ್ಷ ಟಿಕೆಟ್ ಶುರುವಾದದ್ದು 2,500 ರೂಪಾಯಿಯಿಂದ. ಅಂದರೆ ಬಂದ ಪ್ರತಿಯೊಬ್ಬನೂ ದುಡ್ಡು ಕೊಟ್ಟೇ ಬಂದ, ಪುಕ್ಕಟೆ ಪಾಸು ಒಂದೂ ಇರಲಿಲ್ಲ ಎಂದಿಟ್ಟುಕೊಂಡರೂ ಸರಾಸರಿ ಟಿಕೆಟ್ಟು 20,000 ದಾಟಬೇಕಿತ್ತು. ಅದೂ ಲಂಡನ್ನಿನ ಬಾಕಿ ತೀರಲಷ್ಟೇ. ಕರೆಂಟು, ಭದ್ರತೆ, ಮಾರ್ಷಲ್‌ಗಳು, ಸಾಲದ ಬಡ್ಡಿ ಎಲ್ಲ ಇನ್ನೂ ಹೊರಗೇ.

2012ರಲ್ಲಿ ಬಂದವರು ಸುಮಾರು 65,000. ರೂಪಾಯಿ 53-54ಕ್ಕೆ ಇಳಿದಿತ್ತು. ತಲೆಗೆ ಬೀಳುವುದು ಸುಮಾರು 33,000. 2013ಕ್ಕೆ ಡಾಲರು 61 ದಾಟಿತು, ಪ್ರೇಕ್ಷಕರು 60,000ದ ಆಸುಪಾಸು. ಲಂಡನ್ನಿನ ಶುಲ್ಕ ಒಂದು ಪೈಸೆ ಏರಿರಲಿಲ್ಲ ಎಂದುಕೊಂಡರೂ ತಲೆಗೆ 40,000 ಮೀರಿತು. ಜನ ಕಡಿಮೆಯಾದಾಗ ಟಿಕೆಟ್ ದರ ಇಳಿಸಬೇಕು, ಇಳಿಸಿದರು. ಆದರೆ ಕೊಡಬೇಕಾದದ್ದು ಡಾಲರಿನಲ್ಲಿ, ಬರುವುದು ರೂಪಾಯಿಯಲ್ಲಿ. ಈ ಲೆಕ್ಕ ತಾಳೆಯಾಗಲು ಯಾವ ತೆರಿಗೆ ವಿನಾಯಿತಿಯೂ ಸಾಲುತ್ತಿರಲಿಲ್ಲ.

ಕ್ರೀಡೆಯೋ, ತಮಾಷೆಯೋ

ತೆರಿಗೆಯ ಕತೆ ಬೇಡವೆಂದಲ್ಲ. 2009ರಲ್ಲೇ ಕೇಂದ್ರ ಕ್ರೀಡಾ ಸಚಿವಾಲಯ ಫಾರ್ಮುಲಾ ಒನ್ ಅನ್ನು ಕ್ರೀಡೆಯೆಂದು ಒಪ್ಪಲಿಲ್ಲ. ಅದು ಮನರಂಜನೆ, ವ್ಯಾಪಾರ ಎಂದಿತು. ಹೊರದೇಶಕ್ಕೆ 3.65 ಕೋಟಿ ಡಾಲರ್ ಕಳಿಸಲು ಜೇಪೀ ಕೇಳಿದ ಅನುಮತಿ ಆಗ ಸಿಗಲಿಲ್ಲ. ಕ್ರೀಡೆಯಲ್ಲ ಅಂದಮೇಲೆ ಕ್ರೀಡಾ ಸಾಮಗ್ರಿಗೆ ಸಿಗುವ ಸುಂಕ ವಿನಾಯಿತಿಯೂ ಇಲ್ಲ. ಮೂರು ದಿನಕ್ಕೆ ವಿಮಾನದಲ್ಲಿ ಬಂದು ಹಾಗೇ ವಾಪಸ್ ಹೋಗುವ ಕಾರು, ಎಂಜಿನ್ನು, ಟೈರುಗಳಿಗೆ ಕಸ್ಟಮ್ಸ್‌ನವರ ಎದುರು ಕೂರಬೇಕು. ತಂಡಗಳಿಗೆ ಬೇರೆ ಯಾವ ದೇಶದಲ್ಲೂ ಇಷ್ಟು ಕಾಗದ ತುಂಬಿಸಿ ಅಭ್ಯಾಸವಿರಲಿಲ್ಲ, ಗೊಣಗಿದರು.

ಉತ್ತರ ಪ್ರದೇಶ ಸರ್ಕಾರ ಮಾತ್ರ ಮನರಂಜನಾ ತೆರಿಗೆ ಮಾಫಿ ಮಾಡಿತ್ತು. ಇಷ್ಟು ದುಬಾರಿ ಟಿಕೆಟ್ಟಿನ ರೇಸಿಗೆ ವಿನಾಯಿತಿ ಯಾಕೆ ಎಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು. ಮೊದಲ ರೇಸಿಗೆ ಕೆಲವೇ ದಿನ ಇರುವಾಗ ಕೋರ್ಟು, ಟಿಕೆಟ್ ಹಣದ ಶೇ 25ನ್ನು ಪ್ರತ್ಯೇಕ ಖಾತೆಯಲ್ಲಿಡಿ ಎಂದಿತು. ಇದ್ದ ಒಂದೇ ಆದಾಯದ ಕಾಲು ಭಾಗ ಹಾಗೆ ಕಟ್ಟಿಬಿತ್ತು. 2013ರ ರೇಸಿಗೂ ಮುನ್ನ ಅದೇ ತಕರಾರು ಕೋರ್ಟಿನ ಬಾಗಿಲು ತಟ್ಟಿತು. ರೇಸು ನಿಲ್ಲಲಿಲ್ಲ ಅಷ್ಟೆ.

ನನಗೆ ಕ್ರೀಡಾ ಸಚಿವಾಲಯದ ಮೇಲೆ ಅಷ್ಟೇನೂ ಸಿಟ್ಟಿಲ್ಲ. ರೇಸು ಕ್ರೀಡೆಯೇ, ಸಂಶಯವಿಲ್ಲ. ಆದರೆ ಈ ರೇಸನ್ನು ತಂದವರೇ ಅದನ್ನು ಕ್ರೀಡೆಯಾಗಿ ಬೆಳೆಸುವ ಗೋಜಿಗೆ ಹೋಗಿರಲಿಲ್ಲ.

ನಮ್ಮ ಕಡೆಯ ತಂಡ

ಇಲ್ಲಿ ಬೆಂಗಳೂರಿನ ಒಂದು ಎಳೆ ಸೇರುತ್ತದೆ. ಚೆನ್ನೈ ಬಳಿಯ ಶೋಲಾವರದಲ್ಲಿ ತಾವೇ ಕಾರು ಓಡಿಸಿ ರೇಸಿನ ಹುಚ್ಚು ಹತ್ತಿಸಿಕೊಂಡಿದ್ದ ವಿಜಯ್ ಮಲ್ಯ ಆಗ ಫೋರ್ಸ್ ಇಂಡಿಯಾ ತಂಡದ ಒಡೆಯರು. ಮೊದಲ ರೇಸಿನ ಅದೇ ತಿಂಗಳು ಸಹಾರಾ ಸಮೂಹ 10 ಕೋಟಿ ಡಾಲರ್ ಹಾಕಿ ಪಾಲುದಾರನಾಗಿ, ತಂಡ ಸಹಾರಾ ಫೋರ್ಸ್ ಇಂಡಿಯಾ ಆಯಿತು. ಕಾರ್ಖಾನೆ ಇದ್ದದ್ದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ, ಚಾಲಕರು ಯುರೋಪಿನವರು. ಆದರೂ ಕಿತ್ತಳೆ-ಬಿಳಿ-ಹಸಿರು ಕಂಡರೆ ಗ್ಯಾಲರಿ ಕುಣಿಯುತ್ತಿತ್ತು. 2011ರಲ್ಲಿ ಏಡ್ರಿಯನ್ ಸುಟಿಲ್ 9ನೇ ಸ್ಥಾನ ತಂದರು, 2012ರಲ್ಲಿ ನಿಕೊ ಹಲ್ಕೆನ್‌ಬರ್ಗ್ 8ನೇ ಸ್ಥಾನ.

2012ರ ರೇಸು ನಡೆದದ್ದು ಅಕ್ಟೋಬರ್ 28ರಂದು. ಎಂಟು ದಿನ ಮುಂಚೆ, ಅಕ್ಟೋಬರ್ 20ರಂದು, ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಲೈಸೆನ್ಸ್ ಅಮಾನತಾಗಿತ್ತು. ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರು ಒಂದು ಕಡೆ, ಒಡೆಯರ ಕಾರು ಟ್ರ್ಯಾಕಿನಲ್ಲಿ ಇನ್ನೊಂದು ಕಡೆ. ಆ ವಾರಾಂತ್ಯ ಪತ್ರಿಕೆಗಳ ಪ್ರಶ್ನೆಗಳೆಲ್ಲ ರೇಸಿನ ಬಗ್ಗೆ ಇರಲಿಲ್ಲ.

ಕೊನೆಯ ರೇಸು

2012ರಲ್ಲೂ ವೆಟೆಲ್, ಮತ್ತೆ ಎಲ್ಲ 60 ಲ್ಯಾಪಿನಲ್ಲೂ ಮುಂದೆ. ರೇಸಿನ ದೃಷ್ಟಿಯಿಂದ ಇದೂ ಒಂದು ದುರದೃಷ್ಟ. ಹೊಸದಾಗಿ ನೋಡಲು ಬಂದವನು ಮರುವರ್ಷವೂ ಬರಬೇಕಾದರೆ ಗೆಲ್ಲುವವನು ಯಾರೆಂದು ಶನಿವಾರವೇ ಗೊತ್ತಿರಬಾರದು.

2013ರದ್ದು ಸ್ವಲ್ಪ ರಂಗಾಗಿತ್ತು. ಬೇಗ ಸವೆಯುವ ಮೃದು ಟೈರಿನಲ್ಲಿ ಹೊರಟ ವೆಟೆಲ್ ಎರಡೇ ಲ್ಯಾಪಿಗೆ ಟೈರು ಬದಲಿಸಲು ಪಿಟ್‌ಗೆ ಬಂದು, ಗುಂಪಿನ ಹಿಂದೆ ಬಿದ್ದು, ಒಬ್ಬೊಬ್ಬರನ್ನೇ ದಾಟಿಕೊಂಡು ಬಂದ. ಜೊತೆಗಾರ ಮಾರ್ಕ್ ವೆಬ್ಬರ್ ಕಾರಿನ ಆಲ್ಟರ್ನೇಟರ್ ಕೈಕೊಟ್ಟಿತು. ಗೆಲುವಿನ ಜೊತೆಗೆ ವೆಟೆಲ್‌ಗೆ ಸತತ ನಾಲ್ಕನೇ ವಿಶ್ವಪಟ್ಟ. ನಿಯಮದ ಪ್ರಕಾರ ಕಾರು ನೇರ ಪರಿಶೀಲನೆಯ ಆವರಣಕ್ಕೆ ಹೋಗಬೇಕು. ಆತ ಮುಖ್ಯ ಗ್ಯಾಲರಿಯ ಎದುರು ಕಾರನ್ನು ಗಿರಗಿರನೆ ತಿರುಗಿಸಿ ಟೈರಿನ ಹೊಗೆ ಎಬ್ಬಿಸಿದ, ಇಳಿದು ಕಾರಿನ ಮುಂದೆ ಮಂಡಿಯೂರಿ ಅಡ್ಡಬಿದ್ದ, ಬೇಲಿ ಹತ್ತಿ ಕೈಗವಸನ್ನು ಜನರತ್ತ ಎಸೆದ. ತಂಡಕ್ಕೆ 25,000 ಯೂರೊ ದಂಡ, ಆತನಿಗೆ ಛೀಮಾರಿ. ಬುದ್ಧ ಸರ್ಕ್ಯೂಟಿನ ಹೆಸರು ಹೇಳಿದರೆ ಜಗತ್ತಿನ ರೇಸು ಅಭಿಮಾನಿಗಳಿಗೆ ಇವತ್ತಿಗೂ ನೆನಪಾಗುವುದು ಈ ಹೊಗೆಯೇ.

ಆ ಹೊತ್ತಿಗೆ 2014ರ ಪಟ್ಟಿಯಲ್ಲಿ ಭಾರತ ಇಲ್ಲವೆಂದು ಗೊತ್ತಾಗಿತ್ತು. ವರ್ಷದ ಕೊನೆಯಿಂದ ಮೊದಲಿಗೆ ಸರಿಸುತ್ತೇವೆ, 2015ಕ್ಕೆ ಬರುತ್ತೇವೆ ಎಂದರು. ಬರಲಿಲ್ಲ. ಐದು ವರ್ಷದ ಒಪ್ಪಂದ ಮೂರಕ್ಕೇ ಮುಗಿಯಿತು.

ಆಮೇಲೆ

ಫಾರ್ಮುಲಾ ಒನ್ ಹೋದರೆ ಹೋಗಲಿ, ಟ್ರ್ಯಾಕ್ ಇದೆಯಲ್ಲ, ಬೇರೆ ರೇಸು ನಡೆಸಬಹುದಲ್ಲ ಎಂದು ಕೇಳಬಹುದು. 2013ಕ್ಕೆ ವರ್ಲ್ಡ್ ಸೂಪರ್‌ಬೈಕ್ ನಿಗದಿಯಾಗಿತ್ತು. ಮುಂದಕ್ಕೆ ಹೋಗಿ ಕೊನೆಗೆ ರದ್ದಾಯಿತು. 2014ರ ಮಾರ್ಚಿನಿಂದ ಟಾಟಾ ಮೋಟರ್ಸ್ ತನ್ನ ಪ್ರೈಮಾ ಲಾರಿಗಳ ರೇಸನ್ನು ಕೆಲವು ವರ್ಷ ನಡೆಸಿತು. ಫಾರ್ಮುಲಾ ಒನ್‌ಗೆಂದು ಹಾಸಿದ ಡಾಂಬರಿನ ಮೇಲೆ ಲಾರಿಗಳು ಗುದ್ದಾಡಿಕೊಂಡು ಓಡುವುದು ನೋಡಲು ಸೊಗಸಾಗಿಯೇ ಇತ್ತು. ಉಳಿದಂತೆ ಕಾರು, ಬೈಕು ಕಂಪನಿಗಳು ಹೊಸ ಗಾಡಿ ತೋರಿಸಲು, ದುಬಾರಿ ಬೈಕಿನವರು ದಿನದ ಬಾಡಿಗೆಗೆ ಸುತ್ತಲು ಬರುತ್ತಿದ್ದರು.

ಚೆನ್ನೈ ಬಳಿಯ ಇರುಂಗಾಟುಕೋಟೈ ಟ್ರ್ಯಾಕನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಉದ್ದ 3.7 ಕಿ.ಮೀ., 1990ರಲ್ಲಿ ಶುರು, ಕಟ್ಟಿದ್ದು ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್. ಅದಕ್ಕೂ ಮುಂಚೆ ಇದೇ ಕ್ಲಬ್ಬಿನವರು ಶೋಲಾವರದ ಹಳೆಯ ಏರ್‌ಸ್ಟ್ರಿಪ್ಪಿನಲ್ಲಿ ದಶಕಗಟ್ಟಲೆ ರೇಸು ನಡೆಸಿದ್ದರು. ಹೊಳಪಿಲ್ಲ, ಲಕ್ಷ ಜನ ಕೂರುವ ಗ್ಯಾಲರಿಯಿಲ್ಲ. ಆದರೆ ಬಾವುಟ ಹಿಡಿಯಲು ಗೊತ್ತಿರುವವರು, ಸಮಯ ಬರೆದುಕೊಳ್ಳುವವರು, ಕಾರು ಪರೀಕ್ಷಿಸುವವರು, ಪುಕ್ಕಟೆ ದುಡಿಯುವ ಹುಚ್ಚರು ಅಲ್ಲಿ ತಲೆಮಾರಿನಿಂದ ಇದ್ದಾರೆ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಕೂಡ ಅದೇ ಜಾಯಮಾನದ್ದು. ಬೆಂಗಳೂರಿನ ರೇಸರ್‌ಗಳು ಗಾಡಿಯನ್ನು ಲಾರಿಗೇರಿಸಿ ಹೊಸೂರು ದಾಟುವುದು ಈ ಎರಡು ಟ್ರ್ಯಾಕುಗಳಿಗಾಗಿ. ನಮ್ಮಲ್ಲಿ ಕಾಯಂ ರೇಸ್ ಟ್ರ್ಯಾಕಿಲ್ಲದಿದ್ದರೂ ಕರ್ನಾಟಕ ಮೋಟರ್ ಸ್ಪೋರ್ಟ್ಸ್ ಕ್ಲಬ್‌ನ ಕೆ-1000 ರ‍್ಯಾಲಿ ಉಳಿದುಕೊಂಡಿರುವುದೂ ಇಂಥ ಜನರಿಂದಲೇ. ಬುದ್ಧ ಸರ್ಕ್ಯೂಟಿಗೆ ಅಂಥ ಜನ ಇರಲಿಲ್ಲ. ಅದು ಒಂದು ಕಂಪನಿಯ ಆಸ್ತಿ; ಕಂಪನಿ ನಿಂತಷ್ಟು ದಿನ ನಿಂತಿತು.

ಕಂಪನಿ ನಿಲ್ಲಲಿಲ್ಲ. ಮನೆಗಳ ಮಾರಾಟ ಕುಸಿದು, ಸಾಲ ಬೆಳೆದು, ಎಕ್ಸ್‌ಪ್ರೆಸ್‌ವೇ ಕಟ್ಟಿದ ಜೇಪೀ ಇನ್‌ಫ್ರಾಟೆಕ್ 2017ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಬಾಕಿ ಕಟ್ಟಲಿಲ್ಲವೆಂದು ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರ 2020ರ ಫೆಬ್ರುವರಿಯಲ್ಲಿ ಆ 1000 ಹೆಕ್ಟೇರಿನ ಹಂಚಿಕೆಯನ್ನೇ ರದ್ದು ಮಾಡಿತು. ಜೇಪೀ ಅಲಹಾಬಾದ್ ಹೈಕೋರ್ಟಿಗೆ ಹೋಯಿತು.

ಆ ಮೊಕದ್ದಮೆ ನಡೆಯುತ್ತಿರುವಾಗಲೇ ಬೈಕುಗಳ ವಿಶ್ವಮಟ್ಟದ ರೇಸು ಮೋಟೊಜಿಪಿ ಬಂತು. 2023ರ ಸೆಪ್ಟೆಂಬರ್ 22ರಿಂದ 24ರವರೆಗೆ, ಈ ಸಲ ಉತ್ತರ ಪ್ರದೇಶ ಸರ್ಕಾರದ ಪೂರ್ತಿ ಬೆಂಬಲದೊಂದಿಗೆ. ಬೈಕುಗಳಿಗೆ ಬೇಕಾದಂತೆ ಟ್ರ್ಯಾಕನ್ನು ಅಲ್ಲಲ್ಲಿ ತಿದ್ದಿದ್ದರು. ವೀಸಾ ತಡವಾಗಿ ಮಾರ್ಕ್ ಮಾರ್ಕೆಜ್‌ನಂಥವರೂ ವಿಮಾನ ತಪ್ಪಿಸಿಕೊಂಡು ಪರದಾಡಿದರು. ಪ್ರಸಾರದಲ್ಲಿ ಭಾರತದ ನಕ್ಷೆ ತಪ್ಪಾಗಿ ಬಂದು ಕ್ಷಮೆ ಕೇಳಬೇಕಾಯಿತು. ಬಿಸಿಲಿನ ಝಳಕ್ಕೆ ಭಾನುವಾರದ ರೇಸನ್ನು 21 ಲ್ಯಾಪಿಗೆ ಇಳಿಸಿದರು. ಮಾರ್ಕೊ ಬೆಝೆಕ್ಕಿ ಗೆದ್ದ, ಎರಡನೆಯವನಾದ ಹೋರ್ಹೆ ಮಾರ್ಟಿನ್ ಬೈಕಿಳಿದವನೇ ಬಸವಳಿದು ಕುಸಿದ. ರೇಸು ಮಾತ್ರ ಚೆನ್ನಾಗಿಯೇ ನಡೆಯಿತು, ಸವಾರರೂ ಟ್ರ್ಯಾಕನ್ನು ಹೊಗಳಿದರು. ಏಳು ವರ್ಷದ ಒಪ್ಪಂದ ಎಂದಿದ್ದರು. 2024ರ ರೇಸು ಮುಂದಕ್ಕೆ ಹೋಯಿತು, 2025ರ ಪಟ್ಟಿಯಲ್ಲೂ ಭಾರತಕ್ಕೆ ದಿನಾಂಕ ಸಿಗಲಿಲ್ಲ.

ಜೇಪೀ ಸಮೂಹದ ಮಾತೃಸಂಸ್ಥೆ ಜೈಪ್ರಕಾಶ್ ಅಸೋಸಿಯೇಟ್ಸ್ 2024ರ ಜೂನ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಸೇರಿತು. 2025ರ ಮಾರ್ಚ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಜಮೀನು ಹಂಚಿಕೆಯ ರದ್ದತಿಯನ್ನು ಎತ್ತಿಹಿಡಿಯಿತು. ಆ ಪ್ರಕರಣದಲ್ಲಿ ಕೋರ್ಟಿನ ಮುಂದಿದ್ದ ದೊಡ್ಡ ಪ್ರಶ್ನೆಗಳಲ್ಲೊಂದು, ಸ್ಪೋರ್ಟ್ಸ್ ಸಿಟಿಯಲ್ಲಿ ಫ್ಲ್ಯಾಟಿಗೆಂದು ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯುತ್ತಿರುವವರ ಗತಿಯೇನು ಎಂಬುದು.